ಹೀರೆ ಬೆರಳುದ್ದ ಆಗಿ ಉದುರುತ್ತಿದೆ, ಅವರೆ ಹೂವೇ ಬಿಟ್ಟಿಲ್ಲ

ಕೇಳಿದವರು: ಹಿತ್ತಲ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮನೆ ಹಿಂದೆ 20 ಅಡಿ ಅಗಲ, 30 ಅಡಿ ಉದ್ದದ ಹಿತ್ತಲು ಇದೆ. ಇಷ್ಟು ವರ್ಷ ಅದನ್ನು ನೋಡಿಕೊಂಡವರು ನಮ್ಮ ಅತ್ತೆ. ಸಂಕ್ರಾಂತಿ ಆದ ಮೇಲೆ ಅವರಿಗೆ ಮಂಡಿ ಆಪರೇಷನ್ ಆಯಿತು. ಈಗ ಕೂತು ಏಳುವುದು ಕಷ್ಟ. ಹಾಗಾಗಿ ಹಿತ್ತಲು ನನ್ನ ಕೈಗೆ ಬಂದಿದೆ.

ನಾನು ಮದುವೆಯಾಗಿ ಬಂದು 11 ವರ್ಷ. ಕರಿಬೇವು ಕಿತ್ತುಕೊಳ್ಳಲು ಬಿಟ್ಟರೆ ಆ ಕಡೆ ಹೋದವಳೇ ಅಲ್ಲ. ಈಗ ಅತ್ತೆ ಹಿಂದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೋಲಿನಲ್ಲಿ ತೋರಿಸುತ್ತಾರೆ, ನಾನು ಮಾಡುತ್ತೇನೆ. ಮೊದಲ ಮಳೆ ಬಿದ್ದ ವಾರ ಕಳೆ ಅಂದುಕೊಂಡು ಒಂದು ಬುಟ್ಟಿ ಗಿಡ ಕಿತ್ತು ಹಾಕಿದ್ದೆ. "ಅಯ್ಯೋ, ಅದು ಅಣ್ಣೆ ಸೊಪ್ಪು ಕಣಮ್ಮ. ಇದು ಗೋಣಿ ಸೊಪ್ಪು" ಅಂತ ಅತ್ತೆ ಬುಟ್ಟಿ ಮಡಿಲಿಗೆ ಇಟ್ಟುಕೊಂಡು ಒಂದೊಂದೇ ಆರಿಸಿದರು. ರಾತ್ರಿ ಮುದ್ದೆಗೆ ಅದೇ ಬೆರಕೆ ಸೊಪ್ಪಿನ ಮಸ್ಸೊಪ್ಪು. ಯಾರೂ ಬಿತ್ತದೆ ಬಂದ ಸೊಪ್ಪು! ಅವತ್ತಿನಿಂದ ಬೆಳಿಗ್ಗೆ ಕಾಫಿ ಲೋಟ ಹಿಡಿದು ನಾನು ಹೋಗುವುದೇ ಹಿತ್ತಲಿಗೆ.

ಬಚ್ಚಲ ನೀರು ಹೋಗುವ ಕಡೆ ಬಾಳೆ, ಕೆಸು. ಬೇಲಿ ಪಕ್ಕ ನುಗ್ಗೆ. ತೊಟ್ಟಿ ಹತ್ತಿರ ಬದನೆ, ಬೆಂಡೆ, ನಾಲ್ಕು ಮೆಣಸಿನ ಗಿಡ. ಚಪ್ಪರಕ್ಕೆ ಹೀರೆ ಮತ್ತು ಅವರೆ. ಪಕ್ಕದ ಮನೆಯವರು ರೇಷ್ಮೆ ಹುಳ ಸಾಕುತ್ತಾರೆ, ಹುಳದ ಹಿಕ್ಕೆಯನ್ನು ಗೊಬ್ಬರಕ್ಕೆ ಕೊಡುತ್ತಾರೆ. ಕಷ್ಟ ಇರುವುದು ನೀರಿಗೆ. ನಲ್ಲಿ ಬಂದ ದಿನ ಎರಡು ಡ್ರಮ್ ತುಂಬಿಸಿ ಅದರಲ್ಲೇ ನಿಭಾಯಿಸುತ್ತೇನೆ.

ತೊಂದರೆ ಎರಡು. ಹೀರೆ ಪೀಚು ಬೆರಳುದ್ದ ಆಗುತ್ತದೆ, ಹಳದಿ ತಿರುಗಿ ಉದುರುತ್ತದೆ. ಈ ಶ್ರಾವಣದಲ್ಲಿ ಒಂದು ಕಾಯಿಯೂ ಕೈಗೆ ಸಿಕ್ಕಿಲ್ಲ. ಇನ್ನು ಅವರೆ. ಯುಗಾದಿಗೆ ಹಾಕಿದ್ದು, ಚಪ್ಪರ ತುಂಬಾ ಎಲೆ, ಒಂದು ಹೂವೂ ಇಲ್ಲ. ಬೆಂಡೆಗೆ ಬಿಳಿ ನೊಣ ಬಂದಿತ್ತು. ಅಂಗಡಿಯವರು ಹೇಳಿದ ಹಾಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ದಿನ ಬಿಟ್ಟು ದಿನ ಎಲ್ಲದಕ್ಕೂ ಹೊಡೆಯುತ್ತಿದ್ದೇನೆ. ಅತ್ತೆ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಆದರೆ ಉದುರಿದ ಪೀಚನ್ನು ಕೋಲಿನಲ್ಲಿ ಹತ್ತಿರ ಎಳೆದು ನೋಡುತ್ತಾ ಕೂರುತ್ತಾರೆ. ನನಗೆ ತಡೆಯುವುದಿಲ್ಲ. ದಯವಿಟ್ಟು ಹೇಳಿ.

ಉತ್ತರ: ಚಿಂತಾಮಣಿ ತೋಟ

ಅಕ್ಕ, ಮೊದಲು ಉದುರಿದ ಪೀಚನ್ನು ಸೀಳಿ ನೋಡಿ. ಮೇಲೆ ಸೂಜಿ ಚುಚ್ಚಿದ ಗುರುತು, ಅಂಟು, ಒಳಗೆ ಬಿಳಿ ಹುಳ ಇದ್ದರೆ ಅದು ಹಣ್ಣು ನೊಣ. ಅಂಥದ್ದನ್ನು ತಿಪ್ಪೆಗೆ ಹಾಕಬೇಡಿ, ಹುಳ ಮಣ್ಣಿಗಿಳಿದು ಮತ್ತೆ ನೊಣ ಆಗುತ್ತದೆ. ಚಪ್ಪರದ ಹತ್ತಿರ ಒಂದು ಮೋಹಕ ಬಲೆ, ಅಂದರೆ ವಾಸನೆಗೆ ನೊಣ ಸೆಳೆದು ಹಿಡಿಯುವ ಬಲೆ, ಕಟ್ಟಿ. ಎಳೆ ಕಾಯಿಗೆ ಪೇಪರ್ ಸುತ್ತಿದರೂ ಆಗುತ್ತದೆ. ಹುಳ ಇಲ್ಲದೆ ಸುಮ್ನೆ ಹಳದಿಯಾಗಿ ಒಣಗಿದ್ದರೆ ಹೂ ಕೂಡಿಲ್ಲ, ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಸೇರಿಲ್ಲ ಅಂತ ಅರ್ಥ.

ಹಿತ್ತಲ ಸೊಸೆ

ಎಂಟು ಪೀಚು ಸೀಳಿದೆ ಅಣ್ಣ. ಒಂದರಲ್ಲೂ ಹುಳ ಇಲ್ಲ.

ಉತ್ತರ: ಮಾಲೂರು ಬಳ್ಳಿ

ಬೇವಿನೆಣ್ಣೆ ಎಷ್ಟು ಹೊತ್ತಿಗೆ ಹೊಡೆಯುತ್ತೀರಿ?

ಹಿತ್ತಲ ಸೊಸೆ

ಸಂಜೆ ಐದೂವರೆ, ಆರು. ಬೆಳಿಗ್ಗೆ ಜೇನುನೊಣ ಬರುತ್ತವೆ, ಬಿಸಿಲಿಗೆ ಎಲೆ ಸುಡುತ್ತದೆ, ಸಂಜೆಯೇ ಹೊಡೆಯಿರಿ ಅಂತ ಅಂಗಡಿಯವರು ಅಂದಿದ್ದರು.

ಉತ್ತರ: ಮಾಲೂರು ಬಳ್ಳಿ

ಅಲ್ಲೇ ಆಗಿರುವುದು. ಬೆಂಡೆ, ಬದನೆಗೆ ಅವರು ಹೇಳಿದ್ದು ಸರಿ. ಆದರೆ ಹೀರೆ ಹೂ ಅರಳುವುದೇ ಸಂಜೆ. ಸೋರೆಯೂ ಹಾಗೇ. ಹೂ ಬಾಯಿ ಬಿಡುವ ಹೊತ್ತಿಗೆ ನೀವು ಅದನ್ನು ಎಣ್ಣೆ ನೀರಲ್ಲಿ ತೋಯಿಸುತ್ತಿದ್ದೀರಿ. ಪರಾಗ ಒದ್ದೆಯಾಗುತ್ತದೆ, ಆ ವಾಸನೆಗೆ ಪರಾಗ ಒಯ್ಯುವ ಹುಳ ಹತ್ತಿರ ಸುಳಿಯುವುದಿಲ್ಲ.

ಚಪ್ಪರಕ್ಕೆ ಹೊಡೆಯುವುದು ನಿಲ್ಲಿಸಿ. ಸಂಜೆ ಹೂ ಅರಳಿದ ಮೇಲೆ ನೀವೇ ಕೂಡಿಸಿ. ಗೊಂಚಲಾಗಿ ಬರುವುದು ಗಂಡು ಹೂ. ಒಂಟಿಯಾಗಿ, ಹಿಂದೆ ಪುಟ್ಟ ಪೀಚು ಇಟ್ಟುಕೊಂಡು ಬರುವುದು ಹೆಣ್ಣು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಮೂರಕ್ಕೆ ಸಾಕು. ಹಿಕ್ಕೆಯನ್ನೂ ಈಗ ಕಡಿಮೆ ಮಾಡಿ. ಅದರಲ್ಲಿ ಸಾರಜನಕ ಜಾಸ್ತಿ, ಬಳ್ಳಿ ಎಲೆಗೇ ಹೋಗುತ್ತದೆ.

ಉತ್ತರ: ಗುಬ್ಬಿ ರಾಗಿ ಹೊಲ

ಅವರೆ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಬಳ್ಳಿಗೆ ರೋಗ ಇಲ್ಲ, ಕೀಳಬೇಡಿ. ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಅದಕ್ಕೇ ನಾವು ಮುಂಗಾರಲ್ಲಿ ರಾಗಿ ಜೊತೆ ಅಕ್ಕಡಿ ಸಾಲಿಗೆ (ರಾಗಿ ನಡುವೆ ಬೇರೆ ಬೆಳೆಗೆ ಬಿಡುವ ಸಾಲು) ಹಾಕಿ, ಕಾಯಿ ಬಿಡಿಸುವುದು ಡಿಸೆಂಬರ್, ಜನವರಿಗೆ. ನೀವು ಯುಗಾದಿಗೇ ಹಾಕಿದ್ದರಿಂದ ಇಷ್ಟು ದಿನ ಎಲೆ ಬೆಳೆದಿದೆ ಅಷ್ಟೇ. ತುದಿ ಚಿವುಟಿ, ಕವಲು ಬರಲಿ. ಬೇರೆ ಕಾಲದಲ್ಲೂ ಬೇಕು ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವೆ. ಅವಕ್ಕೆ ಹಗಲಿನ ಉದ್ದದ ಲೆಕ್ಕ ಇಲ್ಲ. ಆದರೂ ಇಬ್ಬನಿ ಬಿದ್ದ ಮೇಲೆ ನಾಟಿ ಅವರೆಗೆ ಬರುವ ಸೊಗಡೇ ಬೇರೆ. ಹಿತಕಿದ ಬೇಳೆ ಸಾರಿಗೆ ನಾನಂತೂ ಅದಕ್ಕೇ ಕಾಯುವವನು.

ಹಿತ್ತಲ ಸೊಸೆ, 12 ದಿನ ಆದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಸಂಜೆ ಆರು ಹೂ ಕೂಡಿಸಿದ್ದೆ, ನಾಲ್ಕು ನಿಂತಿವೆ. ಈಗ ಬೇವಿನೆಣ್ಣೆ ಬೆಂಡೆಗೆ ಮಾತ್ರ. ಅವರೆ ತುದಿ ಚಿವುಟಿದ್ದೇನೆ, ಕಾಯುತ್ತೇನೆ.

ಹೀರೆ ಸಂಜೆ ಅರಳುತ್ತದಂತೆ ಅಂತ ಅತ್ತೆಗೆ ಹೇಳಿದೆ. "ಗೊತ್ತಲ್ಲಮ್ಮ, ಹೀರೆ ಹೂ ಬಿಟ್ಟಿದ್ದು ನೋಡೇ ನಾನು ಮುದ್ದೆಗೆ ಎಸರಿಡ್ತಿದ್ದಿದ್ದು" ಅಂದರು. ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಂದೆ. ನಾನು ಚಪ್ಪರಕ್ಕೂ ಎಣ್ಣೆ ಹೊಡೆಯುತ್ತಿದ್ದುದು ಅವರಿಗೆ ಗೊತ್ತೇ ಇರಲಿಲ್ಲ. ಬಾಗಿಲಿಂದ ಚಪ್ಪರದ ಆ ಮೂಲೆ ಕಾಣುವುದಿಲ್ಲ. ಈಗ ಅವರ ಕುರ್ಚಿಯನ್ನು ತೊಟ್ಟಿ ಪಕ್ಕಕ್ಕೆ ಹಾಕಿದ್ದೇನೆ. ನಿನ್ನೆ ಮೊದಲ ಕಾಯಿ ಕೊಯ್ದು ಅವರ ಕೈಗೇ ಕೊಟ್ಟೆ. ಸಿಪ್ಪೆ ಬಿಸಾಡಬೇಡ, ಚಟ್ನಿ ಮಾಡು ಅಂದರು.