ಕೆಂಪು ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ): ಸ್ಕಾರ್ಲೆಟ್ ಸ್ಕಿಮ್ಮರ್, ಕ್ರಿಮ್ಸನ್ ಮಾರ್ಷ್ ಗ್ಲೈಡರ್, ಈ ಎರಡು ಜಾತಿಗಳಲ್ಲಿ ಯಾವ್ದು ಅಂತ ಹೇಗೆ ಗುರುತಿಸೋದು?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಕೆರೆ ದಡದಲ್ಲಿ ಒಣಕಡ್ಡಿ ಮೇಲೆ ಪೂರ್ತಿ ಕೆಂಪಗಿರೋ ಡ್ರ್ಯಾಗನ್‌ಫ್ಲೈ ಕೂತಿತ್ತು, ಫೋಟೋ ತೆಗ್ದೆ, ಮನೆಗೆ ಬಂದು ನೋಡಿದ್ರೆ ಸ್ಕಾರ್ಲೆಟ್ ಸ್ಕಿಮ್ಮರ್ರೋ ಕ್ರಿಮ್ಸನ್ ಮಾರ್ಷ್ ಗ್ಲೈಡರ್ರೋ ಗೊತ್ತೇ ಆಗ್ತಿಲ್ಲ, ಎರಡಕ್ಕೂ ರೆಕ್ಕೆ ಬುಡದಲ್ಲಿ ಜೇನುಬಣ್ಣದ ಮಚ್ಚೆ ಇರುತ್ತಲ್ಲ. ಸ್ಥಳದಲ್ಲೇ ಹೇಳೋಕೆ ದಾರಿ ಇದ್ಯಾ?

ಉತ್ತರ 1:
ಮಚ್ಚೆ ಬಿಡಿ ಸರ್, ಮೊದಲು ಕಾಲು ನೋಡಿ. ಸ್ಕಾರ್ಲೆಟ್ ಸ್ಕಿಮ್ಮರ್ ಗಂಡಿಗೆ ಕಾಲೂ ಕೆಂಪೇ, ಮಾರ್ಷ್ ಗ್ಲೈಡರ್‌ಗೆ ಕಪ್ಪು. ಆಮೇಲೆ ರೆಕ್ಕೆ ನರ. ಮಾರ್ಷ್ ಗ್ಲೈಡರ್‌ದು ನರಗಳೆಲ್ಲ ಕೆಂಪು, ಬಿಸಿಲು ಹಿಂದಿಂದ ಬಿದ್ದಾಗ ರೆಕ್ಕೆ ಪೂರ್ತಿ ಕೆಂಪು ದಾರದಲ್ಲಿ ನೇಯ್ದ ಬಲೆ ಥರ ಕಾಣುತ್ತೆ, ಅಷ್ಟು ಚೆಂದ! ಮೈಬಣ್ಣಾನೂ ಬರೀ ಕೆಂಪಲ್ಲ, ಸ್ವಲ್ಪ ನೇರಳೆ ಕಡೆಗೆ ವಾಲುತ್ತೆ.

ಉತ್ತರ 2:
ಮೇಲಿನವ್ರು ಹೇಳಿದ್ದು ಸರಿ. ಸ್ಕಿಮ್ಮರ್ ಹೊಟ್ಟೆ ಮೇಲೆ ನಡುಮಧ್ಯ ಸಣ್ಣ ಕಪ್ಪು ಗೆರೆ ಇರುತ್ತೆ, ಅದನ್ನೂ ನೋಡಿ. ಆದ್ರೆ ಇದೆಲ್ಲ ಬಲಿತ ಗಂಡಿಗೆ ಮಾತ್ರ, ಹೆಣ್ಣುಗಳು ಕೆಂಪಗಿರಲ್ಲ, ಎಳೇ ಗಂಡುಗಳೂ ಹಳದಿ ಹಳದಿಯಾಗೇ ಇರ್ತವೆ, ಬಣ್ಣ ಒಂದನ್ನೇ ನಂಬ್ಕೊಂಡ್ರೆ ಮೋಸ ಹೋಗ್ತೀರ. ಮುಂದಿನ ಸಲ ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೋ ತಗೊಳ್ಳಿ, ಹಾರಿಹೋದ್ರೂ ಗಾಬರಿ ಬೇಡ, ಸುಮ್ನೆ ನಿಂತ್ರೆ ಎಷ್ಟೋ ಸಲ ಅದೇ ಕಡ್ಡಿಗೆ ವಾಪಸ್ ಬರುತ್ತೆ.

ಪ್ರಶ್ನೆ ಕೇಳಿದವರು:
ಝೂಮ್ ಮಾಡಿ ನೋಡ್ದೆ, ಕಾಲು ಕಪ್ಪು, ನರ ಕೆಂಪು! ಮಾರ್ಷ್ ಗ್ಲೈಡರ್ರೇ. ಇಬ್ರಿಗೂ ತುಂಬಾ ಥ್ಯಾಂಕ್ಸ್.