ಓದುಗರ ಸ್ಪಂದನ: ಖಾಲಿ ಕುರ್ಚಿ ತೋರಿಸಿ ‘ಅಪ್ಪನ ಜೊತೆ ಮಾತಾಡಿ’ ಎಂದರು

ಕಳೆದ ವಾರದ ಸಮಸ್ಯೆ: ನನಗೆ 36 ವರ್ಷ, ಚಿಂತಾಮಣಿ ಕಡೆಯವಳು. ಒಂದೂವರೆ ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಸ್ಪತ್ರೆಗೆ ಸೇರಿದ ರಾತ್ರಿ ನನಗೆ ಫೋನ್ ಮಾಡಿದ್ದರು, ನಾನು ಎತ್ತಿರಲಿಲ್ಲ. ಆಗಿನಿಂದ ನಿದ್ದೆ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋಗುತ್ತಿದ್ದೇನೆ. ತಮ್ಮದು ‘ಇಂಟಿಗ್ರೇಟಿವ್’ ಪದ್ಧತಿ ಎನ್ನುತ್ತಾರೆ. ಮೊದಲ ಮೂರು ವಾರ ಬರೀ ಕೇಳಿಸಿಕೊಂಡರು. ನಾಲ್ಕನೇ ವಾರ ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ ಬರೆದುಕೊಂಡು ಬನ್ನಿ ಎಂದರು. ಏಳನೇ ವಾರ ಖಾಲಿ ಕುರ್ಚಿ ಎಳೆದಿಟ್ಟು, ಅಪ್ಪ ಕೂತಿದ್ದಾರೆ ಅಂದುಕೊಂಡು ಮಾತಾಡಿ ಎಂದರು. ನಾನು ಎದ್ದು ಬಂದೆ. ಇವರಿಗೆ ಕೆಲಸ ಗೊತ್ತೋ, ಇಲ್ಲ ನನ್ನ ಮೇಲೆ ಪ್ರಯೋಗವೋ? ಬಿಟ್ಟುಬಿಡಲೇ?

*

ಮೇಡಂ, ಎದ್ದು ಬಂದದ್ದೇ ಒಳ್ಳೆಯದಾಯಿತು ಎನ್ನುವವನು ನಾನು. ಕೆಲಸ ಹೋದ ವರ್ಷ ನಾನೂ ಒಬ್ಬರ ಬಳಿ ಹೋಗಿದ್ದೆ. ಮೊದಲ ದಿನವೇ ಹತ್ತು ಸಿಟ್ಟಿಂಗ್‌ನ ದುಡ್ಡು ಒಟ್ಟಿಗೆ ಕಟ್ಟಿಸಿಕೊಂಡರು. ಒಂದು ವಾರ ಧ್ಯಾನ, ಒಂದು ವಾರ ಹಿಪ್ನಾಟಿಸಂ, ಇನ್ನೊಂದು ವಾರ ನನ್ನ ಸಹಿ ನೋಡಿ ಸ್ವಭಾವ ಹೇಳಿದರು. ಇದೆಲ್ಲ ಯಾಕೆ ಸಾರ್ ಅಂದರೆ ‘ನಿಮಗೆ ನಂಬಿಕೆ ಕಡಿಮೆ’ ಅಂದರು. ಎರಡು ಶನಿವಾರ, ಎರಡು ಭಾನುವಾರ ಕಲಿತು ಬೋರ್ಡು ಹಾಕಿಕೊಂಡವರು ಅಂತ ಆಮೇಲೆ ತಿಳಿಯಿತು. ಎಲ್ಲಿ ಓದಿದಿರಿ, ಎಷ್ಟು ವರ್ಷ ಓದಿದಿರಿ, ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರಾದರೂ ಇದ್ದಾರಾ ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬರೆದುಕೊಂಡಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಅದನ್ನೂ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಚಪ್ಪಲಿ ಹಾಕಿಕೊಳ್ಳಿ.
– ಒಬ್ಬ ಓದುಗ, ಗೌರಿಬಿದನೂರು

*

ನಾನೂ ಇದೇ ಕೆಲಸದವಳು, ಹನ್ನೊಂದು ವರ್ಷವಾಯಿತು. ನಿಮ್ಮ ಆಪ್ತಸಮಾಲೋಚಕಿ ಯಾರೋ ಗೊತ್ತಿಲ್ಲ, ಹಾಗಾಗಿ ಅವರ ಪರ ವಕಾಲತ್ತು ಹಾಕುತ್ತಿಲ್ಲ. ಆದರೆ ನಿಮ್ಮ ಪತ್ರ ಓದುವಾಗ ಅವರು ಮಾಡಿದ್ದರಲ್ಲಿ ನನಗೊಂದು ದಾರಿ ಕಂಡಿತು. ಆ ದಾರಿಯನ್ನು ನಿಮಗೆ ಯಾರೂ ತೋರಿಸಿಲ್ಲ, ಅದೇ ನನ್ನ ಬೇಸರ.

ನಮ್ಮ ವೃತ್ತಿಯಲ್ಲಿ ಮನೆತನಗಳಿವೆ, ಸಂಗೀತದಲ್ಲಿರುವ ಹಾಗೆ. ತೀರ್ಪು ಕೊಡದೆ ಮನಸ್ಸಿಟ್ಟು ಕೇಳಿಸಿಕೊಂಡರೆ ಮನುಷ್ಯ ತಾನಾಗಿ ಚೇತರಿಸಿಕೊಳ್ಳುತ್ತಾನೆ ಎಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ನಿಮ್ಮ ಮೊದಲ ಮೂರು ವಾರ ಅವರ ಮನೆತನದ್ದು. ಕಾಲಂ ಹಾಕಿದ ನೋಟ್‌ಬುಕ್ಕು 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ದಾರಿಯಿಂದ ಬಂದದ್ದು: ಏನಾಯಿತು, ಆಗ ತಲೆಯಲ್ಲಿ ಏನು ಓಡಿತು, ಅದು ಎಷ್ಟು ನಿಜ, ಬೇರೆ ಹೇಗೆ ನೋಡಬಹುದಿತ್ತು. ಖಾಲಿ ಕುರ್ಚಿಯನ್ನು ಹೆಸರಾಗಿಸಿದವರು ಗೆಸ್ಟಾಲ್ಟ್ ಎಂಬ ಚಿಕಿತ್ಸಾ ಪಂಥದ ಫ್ರಿಟ್ಸ್ ಪರ್ಲ್ಸ್. ಹೇಳದೇ ಉಳಿದ ಮಾತಿಗೆ, ಅದರಲ್ಲೂ ಸಾವಿನಲ್ಲಿ ಉಳಿದುಹೋದ ಮಾತಿಗೆ, ಅದನ್ನು ಬಳಸುತ್ತೇವೆ. ಒಂದೇ ಮನೆತನಕ್ಕೆ ಅಂಟಿಕೊಳ್ಳದೆ, ಎದುರಿಗಿರುವವರಿಗೆ ಈ ಹೊತ್ತಿಗೆ ಯಾವುದು ಬೇಕೋ ಅದನ್ನು ತರುವುದೇ ಇಂಟಿಗ್ರೇಟಿವ್. ಸಿಕ್ಕಿದ್ದನ್ನೆಲ್ಲ ಒಂದೇ ಪಾತ್ರೆಗೆ ಸುರಿದರೆ ಅದು ಸಮನ್ವಯವಲ್ಲ, ಕಲಬೆರಕೆ. ‘ಇವರ ನೋವು ಎಲ್ಲಿ ಶುರುವಾಯಿತು, ಯಾವುದು ಅದನ್ನು ಆರಗೊಡುತ್ತಿಲ್ಲ’ ಎಂಬ ಲೆಕ್ಕ ಸಮಾಲೋಚಕರ ತಲೆಯಲ್ಲಿ ಇದ್ದೇ ಇರಬೇಕು. ಕುರ್ಚಿ ಬರುವುದು, ನೋಟ್‌ಬುಕ್ ಬರುವುದು ಆ ಲೆಕ್ಕದಿಂದ.

ಲೆಕ್ಕ ತಪ್ಪುವುದೂ ಉಂಟು. ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರೊಬ್ಬರು ನನ್ನ ಬಳಿ ಬರುತ್ತಿದ್ದರು (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ). ‘ನಾನು ಮುಟ್ಟಿದ್ದೆಲ್ಲ ಮಣ್ಣು’ ಎನ್ನುತ್ತಿದ್ದರು. ಎರಡನೇ ಭೇಟಿಯಲ್ಲೇ ನೋಟ್‌ಬುಕ್ ಕೊಟ್ಟೆ. ಆತುರ ನನ್ನದು. ಮೂರು ವಾರ ಖಾಲಿ ಹಾಳೆ ಹಿಡಿದುಕೊಂಡು ಬಂದರು, ಹೋಂವರ್ಕ್ ಮಾಡದ ಹುಡುಗನ ಹಾಗೆ ತಲೆ ತಗ್ಗಿಸಿ. ಮೂರನೇ ಸಲ ಹಾಳೆ ತಿರುಗಿಸುವಾಗ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನ ಗೀಟು ಕಂಡಿತು: ತಾರೀಖು, ಕೋಲಾರ ಮಂಡಿಗೆ ಹಾಕಿದ ಬಾಕ್ಸು, ಹರಾಜಿನ ರೇಟು. ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು ‘ಅವತ್ತು ಮನಸ್ಸಿನ ರೇಟು ಎಷ್ಟು, ಹತ್ತಕ್ಕೆ?’ ಅಂದೆ. ನಕ್ಕುಬಿಟ್ಟರು. ಮುಂದಿನ ವಾರದಿಂದ ತುಂಬಿಸಿಕೊಂಡು ಬಂದರು. ಒಂದು ತಿಂಗಳ ಲೆಕ್ಕ ನೋಡಿದರೆ, ರೇಟು ಬಿದ್ದ ದಿನ ಅವರ ಮನಸ್ಸು ಅಷ್ಟೇನೂ ಕುಸಿದಿರಲಿಲ್ಲ. ಮಂಡಿಗೆ ಹೋಗದೆ ಮನೆಯಲ್ಲೇ ಕೂತ ದಿನ ಮಾತ್ರ ಹತ್ತಕ್ಕೆ ಎರಡು, ಒಂದು. ಇದನ್ನು ಕಂಡುಹಿಡಿದವರು ಅವರು, ನಾನಲ್ಲ.

ಇನ್ನು ಕುರ್ಚಿ. ಅದು ಭಾರದ ಕೆಲಸ. ಮೊದಲೇ ಹೇಳಿ, ಯಾಕೆ ಅಂತ ವಿವರಿಸಿ, ಬೇಡವೆನ್ನಲು ಜಾಗ ಬಿಟ್ಟು, ಆಮೇಲೆ ಅರ್ಧ ಗಂಟೆಯಾದರೂ ಸುಧಾರಿಸಿಕೊಳ್ಳುವುದಕ್ಕೆ ಉಳಿಸಿ ಮಾಡಬೇಕು. ಹೇಳದೇ ಕೇಳದೇ ಎಳೆದಿಟ್ಟಿದ್ದರೆ ಅದು ನನಗೂ ಸರಿ ಕಾಣಲಿಲ್ಲ. ಎಡ್ವರ್ಡ್ ಬಾರ್ಡಿನ್ ಎಂಬ ಮನಶ್ಶಾಸ್ತ್ರಜ್ಞ 1979ರಲ್ಲೇ ಬರೆದಿದ್ದಾರೆ: ಎತ್ತ ಹೋಗುತ್ತಿದ್ದೇವೆ, ಅದಕ್ಕೆ ಏನು ಮಾಡುತ್ತಿದ್ದೇವೆ ಎಂಬೆರಡರಲ್ಲೂ ಇಬ್ಬರಿಗೆ ಒಮ್ಮತ ಇರಬೇಕು, ಜೊತೆಗೆ ಇಬ್ಬರ ನಡುವೆ ನಂಬಿಕೆಯ ನಂಟು ಇರಬೇಕು ಎಂದು. ನಿಮ್ಮಲ್ಲಿ ಎರಡನೆಯದು, ಏನು ಮಾಡುತ್ತಿದ್ದೇವೆ ಎಂಬುದರ ಒಮ್ಮತ, ಮುರಿದಿದೆ.

ಬಿಡುವ ಮುಂಚೆ ಇನ್ನೊಂದೇ ಸಲ ಹೋಗಿ. ‘ಅವತ್ತು ನನಗೆ ಭಯವಾಯಿತು, ಸಿಟ್ಟೂ ಬಂತು, ಕುರ್ಚಿ ಯಾಕೆ ತಂದಿರಿ ಹೇಳಿ’ ಅಂತ ಕೇಳಿ. ಒಳ್ಳೆಯವರಾದರೆ ತಪ್ಪಾಯಿತು ಎನ್ನುತ್ತಾರೆ, ವಿವರಿಸುತ್ತಾರೆ, ಕುರ್ಚಿಯನ್ನು ಗೋಡೆಗೆ ಸರಿಸುತ್ತಾರೆ. ಒಂದೂವರೆ ವರ್ಷದಿಂದ ನಿದ್ದೆ ಇಲ್ಲ ಎಂದಿದ್ದೀರಿ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಪ್ತಸಮಾಲೋಚಕರು ಮಾತ್ರೆ ಬರೆಯುವಂತಿಲ್ಲ. ಮನೋವೈದ್ಯರನ್ನೂ ಒಮ್ಮೆ ನೋಡಿ, ಮಾತೂ ಮಾತ್ರೆಯೂ ಜೊತೆಗೆ ನಡೆಯಬಹುದು. ರಾತ್ರಿ ತಡೆಯಲಾಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.
– ಆಪ್ತಸಮಾಲೋಚಕಿ, ಕೋಲಾರ

*

ಅಕ್ಕಾ, ನನಗೆ ಥೆರಪಿ ಗಿರಪಿ ತಿಳಿಯದು, ರೇಷ್ಮೆ ಹುಳ ಸಾಕುವುದು ಗೊತ್ತು. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಹಾಕುತ್ತೇವೆ, ದೊಡ್ಡದಾದ ಮೇಲೆ ಕಡ್ಡಿ ಸಮೇತ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಾವು ಜ್ವರಕ್ಕೆ ಕೂರುವುದು ಅನ್ನುತ್ತೇವೆ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಒಂದು ಎಲೆಯನ್ನೂ ಹಾಕುವಂತಿಲ್ಲ, ಸುಣ್ಣ ಉದುರಿಸಿ ಸುಮ್ಮನಿರಬೇಕು. ಹೊಸದಾಗಿ ಬಂದ ನಮ್ಮ ಸೊಸೆ, ಪಾಪ ಹಸಿದಿವೆ ಅಂತ ರಾತ್ರಿ ಎದ್ದು ಸೊಪ್ಪು ಹಾಕಿಬಿಟ್ಟಳು. ಆ ಬೆಳೆಯಲ್ಲಿ ಒಂದು ಹುಳ ಹಣ್ಣಾಗಿ ಗೂಡು ಕಟ್ಟಲು ಬಂದರೆ ಇನ್ನೊಂದು ಸೊಪ್ಪು ತಿನ್ನುತ್ತಿತ್ತು, ಗೂಡು ಕಟ್ಟುವ ಚಂದ್ರಂಕಿಗೆ ಬಿಡುವುದರಲ್ಲಿ ಸಾಕಾಗಿಹೋಯಿತು. ಎಲ್ಲರೂ ಅವಳನ್ನು ಬೈದರು. ಜ್ವರ ಅಂದರೆ ಏನು, ಸೊಪ್ಪು ಯಾಕೆ ನಿಲ್ಲಿಸುತ್ತೇವೆ ಅಂತ ನಾನು ಮೊದಲೇ ಹೇಳಿಕೊಟ್ಟಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ನಿಮ್ಮ ಮೇಡಂಗೆ ನನ್ನ ಈ ಕಾಗದ ಓದಿಸಿ.
– ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ ತಾಲ್ಲೂಕು

*

ನನಗೆ 72, ನಿಮ್ಮ ತಾಲ್ಲೂಕಿನವನೇ. ಕುರ್ಚಿಯ ಜೊತೆ ಮಾತಾಡಲು ನಾನೇನು ಹುಚ್ಚಿಯೇ ಅಂತ ನಿಮಗೆ ಅನ್ನಿಸಿರಬೇಕು. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಅಪ್ಪನಿಗೆ ಎಡೆ ಇಡುತ್ತೇವೆ. ಮುದ್ದೆ, ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಬಾಗಿಲು ಹಾಕುವ ಮುಂಚೆ ನಮ್ಮವ್ವ ಒಳಗೆ ಒಬ್ಬಳೇ ನಿಂತು ಹೇಳುತ್ತಿದ್ದಳು, ‘ಈ ಸಲ ರಾಗಿ ಕೈಕೊಟ್ಟಿತು, ಬೇಜಾರು ಮಾಡ್ಕೋಬೇಡ, ಇದ್ದದ್ದರಲ್ಲಿ ಮಾಡಿದೀನಿ, ಉಣ್ಣು.’ ಒಂದು ವರ್ಷ ಚೆನ್ನಾಗಿ ಬೈದಳು ಕೂಡ. ಅವಳನ್ನು ಯಾರೂ ಹುಚ್ಚಿ ಅನ್ನಲಿಲ್ಲ ಕಣಮ್ಮಾ. ಕುರ್ಚಿ ಹಿಡಿಸದಿದ್ದರೆ ಬಿಡು, ಎಡೆಯ ಮುಂದೆ ಹೇಳು, ‘ಅಪ್ಪಾ, ಅವತ್ತು ಫೋನ್ ಎತ್ತಲಿಲ್ಲ’ ಅಂತ. ಅಂದಹಾಗೆ ನಿಮ್ಮಪ್ಪನಿಗೆ ಏನು ಇಷ್ಟವಾಗಿತ್ತು? ಅಷ್ಟುದ್ದ ಬರೆದಿದ್ದೀಯ, ಅದನ್ನೇ ಬರೆದಿಲ್ಲ.
– ಹಿರಿಯ ಓದುಗ, ಕೈವಾರ ಹತ್ತಿರದ ಹಳ್ಳಿ