ಕೊಡಗಿನಿಂದ ಇಂಜಿನಿಯರಿಂಗ್ ಸೀಟು: ಮಕ್ಕಳನ್ನು ಸೇರಿಸಿದವರು ಹೇಳಿ

ಕೇಳಿದ್ದು: ನಮ್ಮ ಮನೆ ಶನಿವಾರಸಂತೆ ಹತ್ತಿರ. ತಮ್ಮ ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದಾನೆ, ಇಂಜಿನಿಯರಿಂಗೇ ಬೇಕಂತೆ. ನಮ್ಮ ಮನೆಯಲ್ಲಿ ಯಾರಿಗೂ ಇದರ ಗಂಧಗಾಳಿ ಗೊತ್ತಿಲ್ಲ. ಏನೇನು ತಯಾರಿ ಬೇಕು? ಅನುಭವ ಇರುವ ಅಕ್ಕ ಅಣ್ಣಂದಿರು ದಯವಿಟ್ಟು ಹೇಳಿ.

ಗೋಣಿಕೊಪ್ಪದ ತಾಯಿ: ಇಂಜಿನಿಯರಿಂಗ್ ಸೀಟಿಗೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಬರೆಯಬೇಕು. ಆದರೆ ಸಿಇಟಿ ಸಿಇಟಿ ಅಂತ ಪಿಯು ಬೋರ್ಡ್ ಪರೀಕ್ಷೆ ಬಿಡಬೇಡಮ್ಮ. ರ‍್ಯಾಂಕ್‌ಗೆ ಅರ್ಧ ಪಿಯು ಮಾರ್ಕ್ಸ್, ಅರ್ಧ ಸಿಇಟಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೇ ಲೆಕ್ಕ. ಪಿಯುನಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂದರೆ 45 ಮತ್ತು 25 ಸೇರಿ 70 ಆಗುತ್ತದೆ. ಸಿಇಟಿಯಲ್ಲಿ 180ಕ್ಕೆ 100 ತೆಗೆದರೂ ಬೋರ್ಡ್‌ನಲ್ಲಿ 210ಕ್ಕೆ ಇಳಿದರೆ 63ರ ಹತ್ತಿರ ನಿಲ್ಲುತ್ತಾನೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಇನ್ನು ಕಾಗದಪತ್ರ. ನಮ್ಮ ಕಡೆ ಮಕ್ಕಳಿಗೆ ಕೈಗೆ ಬಂದ ಸೀಟು ತಪ್ಪುವುದು ಜಾಸ್ತಿ ಇಲ್ಲೇ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಶೇ. 15 ಇದೆ, ಕನ್ನಡ ಮಾಧ್ಯಮದವರಿಗೆ ಶೇ. 5. ನಡುವೆ ಒಂದೇ ವರ್ಷ ಮಡಿಕೇರಿ ಪೇಟೆಯಲ್ಲಿ ಓದಿದ್ದರೂ ಗ್ರಾಮೀಣ ಸಿಗುವುದಿಲ್ಲ. ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತಂದು ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಬೇಕು. ತೋಟದ ಲೈನ್‌ಮನೆಗಳಲ್ಲಿದ್ದು ಎರಡು ಮೂರು ಶಾಲೆ ಬದಲಿಸಿದ ಮಕ್ಕಳಿಗೆ ಪ್ರತಿ ಶಾಲೆಗೂ ಹೋಗಿ ತರುವ ಕೆಲಸ, ಅದೂ ಕೆಲವು ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಪಾಡು, ಹಾಗಾಗಿ ಕಾಫಿ ಕೊಯ್ಲಿಗೆ ಮೊದಲೇ ಈ ಓಡಾಟ ಮುಗಿಸಿಬಿಡಿ. ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಹೆಸರು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಇದ್ದ ಹಾಗೇ ಇರಲಿ. ಅರ್ಜಿ ತುಂಬುವಾಗಲೇ ಕೋಟಾ ಕೇಳಬೇಕು.

ಕುಶಾಲನಗರದಲ್ಲಿ ಓದುತ್ತಿರುವ ಹುಡುಗ: ಅಕ್ಕ, ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ ಇರುತ್ತದೆ. ಕಾಲೇಜು ಮತ್ತು ಬ್ರಾಂಚನ್ನು ಇಷ್ಟದ ಕ್ರಮದಲ್ಲೇ ಹಾಕಿ. ರ‍್ಯಾಂಕ್ ಸಾಲದು ಅಂತ ಮೈಸೂರಿನ ಎನ್‌ಐಇ, ಬೆಂಗಳೂರಿನ ಯುವಿಸಿಇ ಕೆಳಗೆ ಹಾಕಬೇಡಿ. ಮೇಲೆ ಹಾಕಿ ಸಿಗದಿದ್ದರೆ ಮುಂದಿನದಕ್ಕೆ ಇಳಿಯುತ್ತದೆ, ನಷ್ಟ ಇಲ್ಲ. ಆದರೆ ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಸುಮ್ನೆ ಸೇರಿಸಬೇಡಿ. ಮನೆಗೆ ಹತ್ತಿರ ಬೇಕಿದ್ದರೆ ಇಲ್ಲಿನ ಸರ್ಕಾರಿ ಕಾಲೇಜು, ಪೊನ್ನಂಪೇಟೆಯ ಸಿಐಟಿ ಕಾಲೇಜು ಇವೆ, ಎರಡೂ ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿ. ಮೊದಲು ಅಣಕು ಹಂಚಿಕೆ, ಅಂದರೆ ಯಾವ ಸೀಟು ಸಿಗಬಹುದು ಅಂತ ತೋರಿಸುವ ಪಟ್ಟಿ, ಬರುತ್ತದೆ. ಅದನ್ನು ನೋಡಿ ಕ್ರಮ ಬದಲಿಸಬಹುದು.

ಸೀಟು ಬಂದ ಮೇಲೆ ಚಾಯ್ಸ್ ಒತ್ತಬೇಕು. ಒಂದು ಅಂದರೆ ಇದೇ ಸಾಕು. ಎರಡು ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ನೋಡುತ್ತೇನೆ. ಮೂರು ಒತ್ತಿದರೆ ಈ ಸೀಟು ಹೋಯಿತು, ಮುಂದಿನ ಸುತ್ತಿಗೆ ಕಾಯಬೇಕು, ನಾಲ್ಕು ಅಂದರೆ ಪೂರ್ತಿ ಹೊರಗೆ. ಇದೆಲ್ಲ ಹೆಚ್ಚಾಗಿ ಮಳೆಗಾಲದಲ್ಲೇ ಬರುತ್ತದೆ. ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ ಅಲ್ವಾ, ಕೊನೆ ದಿನಕ್ಕೆ ಇಡಲೇಬೇಡಿ. ಸೈಬರ್ ಅಂಗಡಿಯಲ್ಲಿ ಮಾಡಿಸಿದರೂ ತಮ್ಮ ಪಕ್ಕದಲ್ಲೇ ಕೂತು ನೋಡಲಿ. ಪಾಸ್‌ವರ್ಡ್, ಒಟಿಪಿ ಬರುವ ಫೋನ್ ನಿಮ್ಮ ಕೈಯಲ್ಲೇ ಇರಲಿ.

ಮಡಿಕೇರಿಯ ಪಿಯು ಮೇಷ್ಟರು: ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಸುರತ್ಕಲ್‌ನ ಎನ್‌ಐಟಿಕೆ (ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜು) ಮನಸ್ಸಿನಲ್ಲಿದ್ದರೆ ಸಿಇಟಿ ಸಾಲದು, ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್ ಬರೆಯಬೇಕು. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ. ಆಮೇಲೆ, ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಸೀಟು ಕೇಳಿ. ಅದು ಮಾಮೂಲಿ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಇಡುವ ಕೋಟಾ, ಅದರಲ್ಲಿ ಬೋಧನಾ ಶುಲ್ಕ ಮಾಫಿ. ಆ ಸೀಟುಗಳು ಕಡಿಮೆ, ಆದರೂ ಕೇಳದೆ ಬಿಡಬೇಡಿ.